ಕರಾವಳಿಗೆ ದುಡಿಯಾಕ ಹೋಗೋರ ಪ್ರಶ್ನೆಗಳು: ಕೂಲಿ, ನೆಲ, ನೀರು

ಹಾನಗಲ್ಲ, ಸವಣೂರ, ಶಿರಹಟ್ಟಿ, ಮುಂಡರಗಿ, ಕಲಘಟಗಿ, ಕುಂದಗೋಳ ಕಡೆಯಿಂದ ಮಂಗಳೂರು, ಮಲ್ಪೆ, ಕಾರವಾರ, ಗೋವಾಕ್ಕೆ ಗುಳೆ ಹೋಗುವವರ ಮನೆಗಳಲ್ಲಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಕರಾವಳಿಯ ಮೀನುಗಾರರ ನೆಲದ ಪ್ರಶ್ನೆಗಳನ್ನೂ ಬೇಕೆಂದೇ ಸೇರಿಸಿದ್ದೇವೆ. ಬಂದರು ಕಟ್ಟುವ ಕೈ ನಮ್ಮ ಕಡೆಯದು, ಅದಕ್ಕಾಗಿ ದಂಡೆ ಕಳೆದುಕೊಳ್ಳುವ ಮನೆ ಅಲ್ಲಿಯದು. ಇಬ್ಬರ ಹೆಸರೂ ಕಾಗದದಲ್ಲಿ ಇರುವುದಿಲ್ಲ, ಇಬ್ಬರೂ ಸೋಲುವುದು ಅಲ್ಲೇ.

ಊರು ಬಿಡೂದಕ್ಕಿಂತ ಮೊದಲ ಯಾವ ಯಾವ ಕಾಗದ ಮಾಡಿಸಬೇಕು?

ಮೊದಲನೆಯದು ಇ-ಶ್ರಮ್ ಕಾರ್ಡು. 16ರಿಂದ 59 ವರ್ಷದವರಿಗೆ, ಪಿಎಫ್ ಮತ್ತು ಇಎಸ್‌ಐ ಇಲ್ಲದವರಿಗೆ ಸಿಗುತ್ತದೆ. 12 ಅಂಕಿಯ ಸಂಖ್ಯೆ ಬರುತ್ತದೆ. ಆಧಾರಕ್ಕೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿ ಇರಬೇಕು. ಹಳೆಯ ಸಿಮ್ ಕಳೆದುಹೋಗಿ ಒಟಿಪಿ ಬಾರದೆ ನಿಂತ ಅರ್ಜಿಗಳೇ ಹೆಚ್ಚು.

ಎರಡನೆಯದು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಅಥವಾ ರಸ್ತೆ ಕೆಲಸ ಮಾಡಿರಬೇಕು. ಆ 90 ದಿನದ ದೃಢೀಕರಣವನ್ನು ದುಡಿದ ಜಾಗದಲ್ಲೇ ಬರೆಸಿಕೊಳ್ಳಿ. ಊರಿಗೆ ಬಂದ ಮೇಲೆ ಮೇಸ್ತ್ರಿಯನ್ನು ಹುಡುಕುತ್ತ ಅಲೆಯುವುದಾಗುತ್ತದೆ. ದುಡ್ಡು ಕೊಟ್ಟು ಸುಳ್ಳು ದೃಢೀಕರಣ ಮಾಡಿಸಿದರೆ ಕಾರ್ಡು ರದ್ದಾಗುತ್ತದೆ, ನಿಜವಾಗಿ ಗಾರೆ ಹೊತ್ತವರ ಅರ್ಜಿಯನ್ನೂ ಸಂಶಯದಿಂದ ನೋಡುವಂತಾಗುತ್ತದೆ.

ರೇಷನ್ ಕಾರ್ಡಿನ ಮೂಲಪ್ರತಿ ಮನೆಯಲ್ಲೇ ಇರಲಿ, ನಂಬರು ನಿಮ್ಮ ಬಳಿ ಇರಲಿ. ಕರ್ನಾಟಕದೊಳಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ಪಡಿತರ ಎತ್ತಬಹುದು. ಗೋವಾದಲ್ಲಿ ಕೇಂದ್ರದ ಪಾಲಿನ ಧಾನ್ಯ ಮಾತ್ರ ಸಿಗುತ್ತದೆ. ಒಂದೇ ಕಾರ್ಡಿನ ಪಾಲನ್ನು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಎತ್ತಲು ಬರುತ್ತದೆ, ಹೋದವರು ಎಲ್ಲವನ್ನೂ ಅಲ್ಲೇ ಎತ್ತಿದರೆ ಮನೆಯಲ್ಲಿ ಉಳಿದವರಿಗೆ ಏನೂ ಇರುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು 20 ರೂಪಾಯಿಯ ಒಂದು ನೋಟ್‌ಬುಕ್ಕು. ತಾರೀಖು, ಎಲ್ಲಿ ಕೆಲಸ, ಎಷ್ಟು ತಾಸು, ಎಷ್ಟು ಕೈಗೆ ಬಂತು, ಯಾರು ಕೊಟ್ಟರು ಎಂದು ದಿನವೂ ಬರೆಯಬೇಕು. ದೋಣಿಯಾದರೆ ಅದರ ಮೇಲೆ ಬರೆದಿರುವ ನೋಂದಣಿ ಸಂಖ್ಯೆ, ಕಟ್ಟಡವಾದರೆ ಹೊರಗಿನ ಫಲಕದ ಫೋಟೊ ಮನೆಗೆ ವಾಟ್ಸಾಪ್ ಮಾಡಿ. ಮಾಲಕರ ಪೂರ್ತಿ ಹೆಸರು ಗೊತ್ತಿಲ್ಲದೆ, “ಶೆಟ್ಟರ ಬೋಟು” ಎಂದಷ್ಟೇ ಹೇಳಿ ಕೇಸು ಹಾಕಲು ಬರುವುದಿಲ್ಲ.

ಮುಂಗಡ ಇಸಗೊಂಡೀವಿ. ತೀರೋ ತನಕ ಊರಿಗೆ ಬಿಡಂಗಿಲ್ಲ ಅಂತಾರ. ಸರಿ ಏನು?

ಸರಿಯಲ್ಲ. ಮುಂಗಡ ಕೊಡುವುದು ಅಪರಾಧವಲ್ಲ. ಮುಂಗಡದ ಹೆಸರಲ್ಲಿ ಮನುಷ್ಯನನ್ನು ಹಿಡಿದಿಟ್ಟುಕೊಳ್ಳುವುದು, ಬೇರೆ ಕಡೆ ದುಡಿಯಲು ಬಿಡದಿರುವುದು, ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು ಅಪರಾಧ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಅಂಥ ಸಾಲ ತಾನಾಗಿಯೇ ಸತ್ತುಹೋಗುತ್ತದೆ, ಅದನ್ನು ತೀರಿಸಬೇಕಾಗಿಲ್ಲ. ದೂರು ಪೊಲೀಸ್ ಠಾಣೆಗಿಂತ ಮೊದಲು ಅಲ್ಲಿಯ ಉಪವಿಭಾಗಾಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ ಹೋಗಬೇಕು, ಏಕೆಂದರೆ ಬಿಡುಗಡೆ ಪತ್ರ ಕೊಡುವವರು ಅವರು. ಆ ಪತ್ರವಿಲ್ಲದೆ ಸುಮ್ಮನೆ ಬಸ್ಸು ಹತ್ತಿಸಿ ಕಳಿಸಿದರೆ ಪುನರ್ವಸತಿ ಹಣ ಕೈತಪ್ಪುತ್ತದೆ. ಕೇಂದ್ರದ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವು ಇದೆ, ನಂತರ ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದೆ. ನಮ್ಮ ಕಡೆ ಬಿತ್ತಿಗೆಯ ಕಾಲವೂ ಅದೇ. ಮುಂದಿನ ಹಂಗಾಮಿನ ಮುಂಗಡ ಮನೆ ಬಾಗಿಲಿಗೆ ಬರುವುದು ಬೀಜ, ಗೊಬ್ಬರಕ್ಕೆ ದುಡ್ಡಿಲ್ಲದ ಈ ಎರಡು ತಿಂಗಳಲ್ಲೇ. ಇಸಕೊಳ್ಳಲೇಬೇಕಾದರೆ ಮೊತ್ತ, ತಿಂಗಳಿಗೆ ಎಷ್ಟು ಕಡಿತ, ಎಂದಿಗೆ ಮುಗಿಯುತ್ತದೆ ಎಂಬ ಮೂರನ್ನೂ ಬರೆಸಿ, ಒಂದು ಪ್ರತಿ ನೀವು ಇಟ್ಟುಕೊಳ್ಳಿ. ಖಾಲಿ ಬಾಂಡಿಗೆ, ಖಾಲಿ ಚೆಕ್ಕಿಗೆ ಸಹಿ ಬೇಡ.

ಪಗಾರ ಕೊಡವಲ್ರು. ಎಲ್ಲಿ ಕೇಳಬೇಕು?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯಂತೆ ದಿನಗೂಲಿಯನ್ನು ಆ ದಿನದ ಪಾಳಿ ಮುಗಿದಾಗ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ತಿಂಗಳ ಪಗಾರವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ 2 ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಮಾಡಬೇಕು. ಕೊಡದಿದ್ದರೆ ಕೂಲಿಯ ತಕರಾರು ಕೇಳಲು ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು, ಅದಕ್ಕೆ 3 ವರ್ಷದ ಗಡುವು ಇದೆ. ಬಾಕಿಯ ಜತೆಗೆ ಅದರ 10 ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಪಗಾರ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲಕರದ್ದು, ನಿಮ್ಮದಲ್ಲ.

ಗುತ್ತಿಗೆದಾರ ಓಡಿಹೋದರೆ ಜನ ಕೈಚೆಲ್ಲುತ್ತಾರೆ. ಹಾಗೆ ಬಿಡಬೇಡಿ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿದ ಮೂಲ ಕಂಪನಿಯೇ ಕೊಡಬೇಕು. ಅದಕ್ಕೇ ಫಲಕದ ಫೋಟೊ ಬೇಕು ಎಂದದ್ದು.

ಇನ್ನೊಂದು ಗೊಂದಲ: ಗದಗಿನಿಂದ ಮಂಗಳೂರಿಗೆ ಹೋದವರು ಕಾನೂನಿನ ಕಣ್ಣಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರಲ್ಲ. ಗೋವಾ, ಕೇರಳ, ರತ್ನಾಗಿರಿಗೆ ಹೋದವರು ಮಾತ್ರ ಆ ಲೆಕ್ಕಕ್ಕೆ ಬರುತ್ತಾರೆ. ಅಂಥ 10 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಊರಿಗೆ ಹೋಗಿಬರುವ ಖರ್ಚು ಕೇಳುವ ಹಕ್ಕಿದೆ. ರಾಜ್ಯದೊಳಗೇ ಊರು ಬಿಟ್ಟವರಿಗೆ ಇದಿಲ್ಲ. ಇದು ಕಾನೂನಿನ ದೊಡ್ಡ ತೂತು ಎಂಬುದು ನಮ್ಮ ಖಚಿತ ಅಭಿಪ್ರಾಯ: ಮುಂಡರಗಿಯಿಂದ ಮಂಗಳೂರು ಪಣಜಿಗಿಂತ ದೂರ.

ದೋಣಿ ಮ್ಯಾಲ ಅಥವಾ ಕಟ್ಟಡದಾಗ ಸತ್ತರ, ಕೈಕಾಲು ಹೋದರ ಎಷ್ಟು ಬರತೈತಿ? ಅಲ್ಲೇ ಹೋಗಿ ಕೇಸ್ ಹಾಕಬೇಕೇನು?

ಬೇಕಾಗಿಲ್ಲ. ಇದು ಬಹಳ ಮನೆಗಳಿಗೆ ತಿಳಿಯದ ಮಾತು: ಅಪಘಾತ ಮಂಗಳೂರಿನಲ್ಲಿ ಆಗಿರಲಿ, ಗೋವಾದಲ್ಲಿ ಆಗಿರಲಿ, ಅವಲಂಬಿತರು ತಾವು ವಾಸಿಸುವ ಜಿಲ್ಲೆಯಲ್ಲೇ ಪರಿಹಾರದ ಅರ್ಜಿ ಹಾಕಬಹುದು. ಹಾವೇರಿಯವರು ಹಾವೇರಿಯಲ್ಲೇ. 2 ವರ್ಷದೊಳಗೆ ಹಾಕಬೇಕು.

ಲೆಕ್ಕ ಹೀಗೆ. ಸಾವಾದರೆ ತಿಂಗಳ ಪಗಾರದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಪೂರ್ತಿ ಶಾಶ್ವತ ಅಂಗವಿಕಲತೆಯಾದರೆ ಅರ್ಧದ ಬದಲು ಶೇ. 60. 2020ರಲ್ಲಿ ನಿಗದಿಯಾದಂತೆ ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿ 15,000 ರೂಪಾಯಿ. ಗುಣಕ 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17. ಅಂದರೆ ತಿಂಗಳಿಗೆ 15,000 ದುಡಿಯುತ್ತಿದ್ದ 30ರ ಹುಡುಗ ತೀರಿಕೊಂಡರೆ 7,500ನ್ನು 207.98ರಿಂದ ಗುಣಿಸಿ 15,59,850 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ ಬೇರೆ.

ಈ ಅಂಕಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ಮಾತು ಓದಿ. ಹೆಣದ ಜತೆ ಒಬ್ಬ ಮೇಸ್ತ್ರಿ ಬರುತ್ತಾನೆ. ಆಂಬ್ಯುಲೆನ್ಸ್ ಬಾಡಿಗೆ ಕೊಟ್ಟು, ಮಣ್ಣಿನ ಖರ್ಚಿಗೆಂದು 50,000 ಕೈಗಿಟ್ಟು, “ಇನ್ನು ಮುಂದೆ ಯಾವ ತಕರಾರೂ ಇಲ್ಲ” ಎಂದು ಬಾಂಡಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಆ ಬಾಂಡಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಸಾವಿನ ಪರಿಹಾರವನ್ನು ಪರಿಹಾರ ಆಯುಕ್ತರ ಬಳಿ ಠೇವಣಿ ಇಡಬೇಕು. ಮನೆಯವರ ಕೈಗೆ ನೇರ ಕೊಟ್ಟದ್ದನ್ನು ಪರಿಹಾರ ಕೊಟ್ಟಂತೆ ಹಿಡಿಯುವುದಿಲ್ಲ. ಈಗಾಗಲೇ ಹೆಬ್ಬೆಟ್ಟು ಒತ್ತಿದವರೂ ಗಡುವಿನೊಳಗೆ ಅರ್ಜಿ ಹಾಕಬಹುದು.

ದೋಣಿಯ ವಿಷಯದಲ್ಲಿ ಮಾಲಕರ ಕಡೆಯ ವಕೀಲರು ಎತ್ತುವ ತಕರಾರು ಒಂದಿದೆ. ಹಿಡಿದ ಮೀನಿನಲ್ಲಿ ಪಾಲು ಇತ್ತು, ಆದ್ದರಿಂದ ಅವನು ಕೂಲಿಯಲ್ಲ, ಪಾಲುದಾರ ಎನ್ನುತ್ತಾರೆ. ಇದನ್ನು ಮುರಿಯಲು ಬೇಕಾದದ್ದು: ತಾಂಡೇಲ (ದೋಣಿ ನಡೆಸುವ ಮುಖ್ಯಸ್ಥ) ಹೇಳಿದಂತೆ ಕೆಲಸ ಮಾಡುತ್ತಿದ್ದ ಎಂಬುದಕ್ಕೆ ಜತೆಗಾರ ಖಲಾಸಿಗಳ (ದೋಣಿಯ ಕೆಲಸಗಾರರ) ಹೇಳಿಕೆ, ಫೋನ್‌ಪೇಯಲ್ಲಿ ಬಂದ ನಿಗದಿ ಹಣ, ನಷ್ಟವಾದ ಟ್ರಿಪ್ಪಿನಲ್ಲೂ ಇವನಿಂದ ದುಡ್ಡು ಮುರಿದಿಲ್ಲ ಎಂಬ ಸಾಕ್ಷಿ. ನೋಟ್‌ಬುಕ್ಕು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಇದಲ್ಲದೆ ಕೇಂದ್ರದ ಮತ್ಸ್ಯಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಸಾವಿಗೆ 5 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000 ಇದೆ. ಇದು ಮೊಗವೀರ, ಖಾರ್ವಿ ಮೀನುಗಾರರಿಗಷ್ಟೇ ಎಂದು ತಿಳಿಯಬೇಡಿ, ಮೀನು ಕಾರ್ಮಿಕರಿಗೂ ಇದೆ. ಆದರೆ ಅಪಘಾತಕ್ಕೆ ಮೊದಲೇ ಹೆಸರು ನೋಂದಾಯಿಸಿರಬೇಕು. ಹಂಗಾಮು ಶುರುವಾದ ಕೂಡಲೇ ಬಂದರಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ.

ಸಮುದ್ರದಾಗ ಕಾಣೆ ಆದ್ರ? ಹೆಣಾನೂ ಸಿಗಲಿಲ್ಲ ಅಂದ್ರ?

2018ರ ಡಿಸೆಂಬರಿನಲ್ಲಿ ಮಲ್ಪೆಯ ‘ಸುವರ್ಣ ತ್ರಿಭುಜ’ ದೋಣಿ 7 ಮೀನುಗಾರರೊಂದಿಗೆ ಕಾಣೆಯಾಯಿತು. ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲವಣದ ಆಚೆ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಹೆಣ ಸಿಗದ ಮನೆಯವರಿಗೆ ದುಃಖದ ಮೇಲೆ ಕಾಗದದ ಕಷ್ಟ, ಏಕೆಂದರೆ 7 ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ ಸತ್ತಂತೆ ಎಂಬುದು ಸಾಮಾನ್ಯ ನಿಯಮ. ಅಲ್ಲಿಯ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ತಕ್ಷಣ ದೂರು ಕೊಟ್ಟು, ದೋಣಿ ಹೊರಟಾಗಿನ ಜನರ ಪಟ್ಟಿಯಲ್ಲಿ ನಿಮ್ಮವರ ಹೆಸರಿರುವ ಪ್ರತಿಯನ್ನು ಪಡೆಯಿರಿ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆತ ದೋಣಿ ಹತ್ತಿದ್ದೇ ಇಲ್ಲ ಎಂದುಬಿಡುತ್ತಾರೆ. ಆದ್ದರಿಂದ ಹೊರಡುವ ಮುನ್ನ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದು ಪ್ರತಿಯೊಬ್ಬ ಖಲಾಸಿಯ ಕೆಲಸ.

ಕಳ್ಳತನ ಮಾಡೀರಿ ಅಂತ ಹೊಡದ್ರ?

2025ರ ಮಾರ್ಚಿನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದಳೆಂಬ ಆರೋಪ ಹೊರಿಸಿ ವಿಜಯನಗರ ಜಿಲ್ಲೆಯ ಕೂಲಿ ಹೆಣ್ಣುಮಗಳನ್ನು ಮರಕ್ಕೆ ಕಟ್ಟಿ ಹೊಡೆದರು. ವಿಡಿಯೊ ಹರಡಿದ ಮೇಲೆ ಬಂಧನಗಳಾದವು. ವಿಡಿಯೊ ಇಲ್ಲದ ಪ್ರಕರಣಗಳಲ್ಲಿ ರಾಜಿ ಪಂಚಾಯ್ತಿ ಮಾಡಿ ಮುಚ್ಚಿಹಾಕುತ್ತಾರೆ, ಹೊಡೆಸಿಕೊಂಡವರು ಪಗಾರವನ್ನೂ ಬಿಟ್ಟು ಊರಿಗೆ ಬರುತ್ತಾರೆ. ಎಫ್‌ಐಆರ್ ಯಾವ ಠಾಣೆಯಲ್ಲಾದರೂ ಕೊಡಬಹುದು, ಗದಗಿನಲ್ಲಿ ಕೊಟ್ಟರೂ ಬರೆದುಕೊಂಡು ಅಲ್ಲಿಗೆ ಕಳಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಾದರೆ 1989ರ ದೌರ್ಜನ್ಯ ತಡೆ ಕಾಯಿದೆಯನ್ನು ದೂರಿನಲ್ಲೇ ಹೆಸರಿಸಿ, ಜಾತಿ ಪ್ರಮಾಣಪತ್ರ ಜೋಡಿಸಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯದ ದಾಖಲೆ ಮಾಡಿಸಬೇಕು. ಬಾವು ಇಳಿದ ಮೇಲೆ ಬರೆಯಲು ಏನೂ ಉಳಿಯುವುದಿಲ್ಲ.

ನಮ್ಮ ಶೆಡ್ಡು ಗುಡ್ಡದ ಬುಡಕ್ಕ ಐತಿ. ಮಳಿಗಾಲದಾಗ ಇರಬಹುದೇನು?

ಕಡಿದ ಗುಡ್ಡದ ಬುಡವಾದರೆ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ಲಾರಿಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದವು. ನಮ್ಮ ಎರೆಹೊಲದ ನೆಲ ಕಂಡವರಿಗೆ ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಸ್ವಭಾವ ಗೊತ್ತಿರುವುದಿಲ್ಲ. ಮೇಲಿನ ಕಲ್ಲು ಗಟ್ಟಿ ಕಾಣುತ್ತದೆ, ಅದರ ಕೆಳಗಿನ ಜೇಡಿ ಪದರಕ್ಕೆ ನೀರಿಳಿದು ಸಡಿಲಾಗಿರುತ್ತದೆ, ಬುಡವನ್ನು ನೇರ ಕಡಿದಿದ್ದರೆ ಹಿಡಿದು ನಿಲ್ಲಿಸುವುದು ಏನೂ ಇರುವುದಿಲ್ಲ. ಗುಡ್ಡದ ಮೇಲೆ ಹೊಸ ಬಿರುಕು, ವಾಲಿದ ಕಂಬ ಅಥವಾ ಮರ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗುವುದು, ಹರಿಯುತ್ತಿದ್ದ ನೀರು ಒಮ್ಮೆಲೇ ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ಸಾಮಾನು ಬಿಟ್ಟು ಹೊರಡಿ. ಸುರಕ್ಷಿತ ವಸತಿ ಕೇಳುವುದು ನಿಮ್ಮ ಹಕ್ಕು. ವಿಪತ್ತಿನ ಸಾವಿಗೆ ರಾಜ್ಯ ವಿಪತ್ತು ನಿಧಿಯಿಂದ 4 ಲಕ್ಷ ಇದೆ, ವಲಸೆ ಬಂದವರೆಂದು ಅದನ್ನು ತಪ್ಪಿಸುವ ಹಾಗಿಲ್ಲ.

ದಂಡಿ, ಬಂದರದ ಜಗಳ ಅಲ್ಲಿಯವರದ್ದು. ನಮಗ್ಯಾಕ?

ಇದೇ ಪ್ರಶ್ನೆಯನ್ನು ಹಾನಗಲ್ಲ ತಾಲೂಕಿನ ಕುಸನೂರಿಗೆ ಕೇಳಿನೋಡಿ. 1980ರ ದಶಕದಲ್ಲಿ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡಲು ಸರ್ಕಾರ ಹೊರಟಿತು. ದನ ಮೇಯುವ, ಕಟ್ಟಿಗೆ ಆಯುವ ನೆಲಕ್ಕೆ ಯಾರ ಬಳಿಯೂ ಉತಾರ (ಭೂಮಿಯ ಹಕ್ಕಿನ ದಾಖಲೆ) ಇರಲಿಲ್ಲ. 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು ಉಪಯೋಗದ ಸಸಿ ಹಚ್ಚಿದರು; ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1991ರಲ್ಲಿ ಕಂಪನಿ ಮುಚ್ಚಿತು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಹೋಗುವುದನ್ನು ರೈತರು ಮತ್ತು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ತಡೆದರು.

ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಮೀನು ಒಣಗಿಸುವ ಹೆಂಗಸರ ದಂಡೆ ಅಂಥದೇ, ಉತಾರವಿಲ್ಲದ ನೆಲ. ಅಂಕೋಲಾದ ಕೇಣಿಯಲ್ಲಿ ಬಂದರು ಬೇಡ ಎನ್ನುತ್ತಿರುವವರ ಮಾತೂ ಅದೇ. ಅಲ್ಲಿ ಕೆಲಸಕ್ಕೆ ಹೋದ ನಮ್ಮವರನ್ನು ಸ್ಥಳೀಯರ ಎದುರು ನಿಲ್ಲಿಸುವುದು ಗುತ್ತಿಗೆದಾರರಿಗೆ ಅನುಕೂಲ. ನಮಗೆ ಅದರಿಂದ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ.

ಸಮುದ್ರದ ದಂಡಿ ಮ್ಯಾಲ ಕಟ್ಟಾಕ ಯಾರಿಗೆ ಬರತೈತಿ?

2019ರ ಜನವರಿ 18ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಹಳ್ಳಿಗಳನ್ನು ಎರಡು ಮಾಡಿದೆ. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿದ್ದರೆ ಉಬ್ಬರದ ಗೆರೆಯಿಂದ 50 ಮೀಟರ್, ಕಡಿಮೆ ಇದ್ದರೆ 200 ಮೀಟರ್ ಕಟ್ಟಡ ನಿಷೇಧ. ಹಿಂದೆ ಹಳ್ಳಿಗಳಿಗೆಲ್ಲ 200 ಇತ್ತು. ಮೀನುಗಾರರ ಹಳೆಯ ಮನೆಯ ದುರಸ್ತಿಗೆ ಅವಕಾಶವಿದೆ. ತಕರಾರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಬರೆಯಬೇಕು, ಅದರಲ್ಲಿ ಸ್ಥಳೀಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ 3 ಪ್ರತಿನಿಧಿಗಳು ಇರಲೇಬೇಕು. ಅರ್ಜಿಗೆ ಮೊದಲು ಕರಾವಳಿ ವಲಯ ನಿರ್ವಹಣಾ ನಕಾಶೆಯಲ್ಲಿ ಆ ಜಾಗಕ್ಕೆ ಯಾವ ಗುರುತು ಇದೆ ಎಂದು ನೋಡಿ. ಮೀನು ಒಣಗಿಸುವ ಜಾಗ, ಬಲೆ ಹರಡುವ ಜಾಗ ನಕಾಶೆಯಲ್ಲಿ ಬಿಟ್ಟುಹೋಗಿದ್ದರೆ ಅದು ಖಾಲಿ ಮರಳು ಎಂದೇ ಲೆಕ್ಕ.

ಉತಾರ ಇಲ್ಲದವರಿಗೆ ಭೂಸ್ವಾಧೀನದ ಪರಿಹಾರ ಸಿಗತೈತೇನು?

2013ರ ಭೂಸ್ವಾಧೀನ ಕಾಯಿದೆಯಲ್ಲಿ ‘ಬಾಧಿತ ಕುಟುಂಬ’ ಎಂದರೆ ಭೂಮಿಯ ಮಾಲಕ ಮಾತ್ರ ಅಲ್ಲ. ಸ್ವಾಧೀನಕ್ಕೆ ಮುಂಚೆ 3 ವರ್ಷದಿಂದ ಅಲ್ಲಿ ದುಡಿಯುತ್ತಿದ್ದ ಕೃಷಿ ಕೂಲಿ, ಗೇಣಿದಾರ, ಕೋರು ಪಾಲಿನವರು, ನೀರನ್ನೇ ನಂಬಿದ ಮೀನುಗಾರರು, ದೋಣಿ ನಡೆಸುವವರು ಎಲ್ಲರೂ ಬರುತ್ತಾರೆ. ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಆಕ್ಷೇಪಣೆ ಹಾಕಬೇಕು. ಖಾಸಗಿ ಕಂಪನಿಗಾದರೆ ಶೇ. 80, ಸರ್ಕಾರಿ-ಖಾಸಗಿ ಪಾಲುದಾರಿಕೆಗಾದರೆ ಶೇ. 70 ಕುಟುಂಬಗಳ ಒಪ್ಪಿಗೆ ಬೇಕು.

ಆದರೆ ನಮ್ಮ ರಾಜ್ಯದಲ್ಲಿ ಕೈಗಾರಿಕೆಗೆ ಭೂಮಿ ಹೋಗುವುದು ಹೆಚ್ಚಾಗಿ ಬೇರೆ ದಾರಿಯಿಂದ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನವೂ ಇಲ್ಲ, ಒಪ್ಪಿಗೆಯೂ ಇಲ್ಲ. ಅದರ 28(2)ನೇ ಕಲಮಿನ ಭೂಸ್ವಾಧೀನದ ನೋಟಿಸು ಕೈಗೆ ಬಂದ ದಿನದಿಂದ ಆಕ್ಷೇಪಣೆಗೆ 30 ದಿನ ಮಾತ್ರ. ಧಾರವಾಡದ ಬೇಲೂರು, ಮುಮ್ಮಿಗಟ್ಟಿ ಕಡೆಯ ರೈತರಿಗೆ ಈ ಕಾಯಿದೆ ಹೊಸದಲ್ಲ. ನೋಟಿಸು ತೀರಿಹೋದ ಅಜ್ಜನ ಹೆಸರಿಗೆ ಬಂದು, ವಾರಸಾ ಆಗದೆ, 30 ದಿನ ಕಳೆದುಹೋಗುವುದೇ ಸಾಮಾನ್ಯ ತಪ್ಪು. ಉತಾರದಲ್ಲಿ ವಾರಸಾ ಬದಲಾವಣೆಯನ್ನು ಇವತ್ತೇ ಮಾಡಿಸಿ.

ಉತಾರವೇ ಇಲ್ಲದ ಮೀನುಗಾರರು ದೋಣಿಯ ನೋಂದಣಿ, ಡೀಸೆಲ್ ಸಬ್ಸಿಡಿ ಪುಸ್ತಕ, ಸಹಕಾರಿ ಸಂಘದ ಮೀನು ಮಾರಾಟದ ಚೀಟಿ, ಮಂಜುಗಡ್ಡೆ ಬಿಲ್ಲು, ಪಂಚಾಯ್ತಿ ತೆರಿಗೆ ರಸೀದಿ ಜೋಡಿಸಬೇಕು. ಮೂರು ವರ್ಷದ್ದು ಬೇಕು, ಒಂದು ವರ್ಷದ್ದು ಸಾಲದು.

ಅರಣ್ಯ ಜಾಗವಾದರೆ 2006ರ ಅರಣ್ಯ ಹಕ್ಕು ಕಾಯಿದೆ ಅನ್ವಯಿಸುತ್ತದೆ; ನೀರಿನ ಮೀನೂ ಅದರ ಸಮುದಾಯ ಹಕ್ಕಿನಲ್ಲಿದೆ. ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕಿಂತ ಮುಂಚಿನ 75 ವರ್ಷದ ವಾಸ ತೋರಿಸಬೇಕು. ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷಿಯೇ, ಆದರೆ ಒಟ್ಟು ಎರಡು ಬಗೆಯ ಸಾಕ್ಷಿ ಬೇಕು. ಗ್ರಾಮಸಭೆ ತಿರಸ್ಕರಿಸಿದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಮೇಲ್ಮನವಿ.

ಸಾರ್ವಜನಿಕ ಅಹವಾಲು ಸಭೆಯೊಳಗ ನಾವು ಮಾತಾಡಬಹುದೇನು?

ಇದು ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವ ಮುನ್ನ ಜನರ ಮಾತು ಕೇಳುವ ಸಭೆ. ಅಲ್ಲೇ ವಾಸವಿದ್ದು ದುಡಿಯುತ್ತಿದ್ದರೆ ಮಾತಾಡಬಹುದು. ಬಾಡಿಗೆ ಕೋಣೆಯಲ್ಲಿದ್ದರೂ ಯೋಜನೆಯ ಧೂಳು, ಉಪ್ಪುನೀರು ನಿಮಗೂ ತಟ್ಟುತ್ತದೆ. ದೂರದಲ್ಲಿರುವವರು ಲಿಖಿತವಾಗಿ ಕಳಿಸಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು, ಪೂರ್ತಿ ಸಭೆಯ ವಿಡಿಯೊ ಆಗಬೇಕು, ಕೊನೆಗೆ ಜನರ ಆಕ್ಷೇಪಗಳನ್ನು ಕನ್ನಡದಲ್ಲೇ ಓದಿಹೇಳಬೇಕು. ಸಭೆಗೆ ಇಂತಿಷ್ಟು ಜನ ಬರಲೇಬೇಕೆಂಬ ಕೋರಂ ಇಲ್ಲ, ಆದ್ದರಿಂದ ಬಹಿಷ್ಕರಿಸಿದರೂ ಸಭೆ ನಡೆದಂತೆಯೇ ದಾಖಲಾಗುತ್ತದೆ. ಒಳಗೆ ಹೋಗಿ ಮಾತಾಡುವುದೇ ಮೇಲು ಎನ್ನುತ್ತೇವೆ.

“ಯೋಜನೆ ಬೇಡ” ಎಂದಷ್ಟೇ ಹೇಳಿದರೆ ವರದಿಯಲ್ಲಿ ಒಂದು ಸಾಲಾಗುತ್ತದೆ. “ವರದಿಯ ಇಂಥ ಪುಟದಲ್ಲಿ ಇಲ್ಲಿ ಮೀನು ಒಣಗಿಸುವುದಿಲ್ಲ ಎಂದಿದೆ, ಇಗೋ ಸೊಸೈಟಿಯ ಚೀಟಿ” ಎಂದರೆ ಕಂಪನಿ ಉತ್ತರ ಬರೆಯಲೇಬೇಕು. ಆ ಉತ್ತರವೇ ಮುಂದೆ ಕೋರ್ಟಿನಲ್ಲಿ ಆಸರೆ. ಲಿಖಿತ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿ.

ಹಸಿರು ನ್ಯಾಯಮಂಡಳಿಗೆ ಹೋಗೋದು ಹೆಂಗ?

ಇದು ಪರಿಸರದ ಕೇಸುಗಳನ್ನು ಕೇಳುವ ನ್ಯಾಯಮಂಡಳಿ. ಕರ್ನಾಟಕದ ಪ್ರಕರಣ ಚೆನ್ನೈ ಪೀಠಕ್ಕೆ, ಗೋವಾದ್ದು ಪುಣೆ ಪೀಠಕ್ಕೆ. ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ. ಕಾರಣ ಕೊಟ್ಟರೆ ಇನ್ನು 60 ದಿನ, ಅದರಾಚೆ ಒಂದು ದಿನವೂ ಇಲ್ಲ. ಇತರ ಪರಿಸರ ತಕರಾರಿಗೆ 6 ತಿಂಗಳು, ಹಾನಿಯ ಪರಿಹಾರಕ್ಕೆ 5 ವರ್ಷ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಅನುಮತಿ ಬಂದ 7 ದಿನದೊಳಗೆ ಕಂಪನಿ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಆ ಪತ್ರಿಕೆಯ ಪುಟವನ್ನು ತಾರೀಖು ಕಾಣುವಂತೆ ತೆಗೆದಿಡಿ.

ಬೇಡ್ತಿ-ವರದಾ ಜೋಡಣೆ ನಮಗ ಬೇಕು. ಅದನ್ನ ಬ್ಯಾಡ ಅನ್ನೋರ ಮಾತು ಯಾಕ ಕೇಳಬೇಕು?

ಹಾವೇರಿ, ಗದಗಿನ ನೀರಿನ ಕಷ್ಟ ನಿಜ, ಅದನ್ನು ಯಾರೂ ಸಣ್ಣದು ಮಾಡಬಾರದು. ಯೋಜನೆಯ ಅಂದಾಜು ಸುಮಾರು 18.5 ಟಿಎಂಸಿ ನೀರನ್ನು ಪಶ್ಚಿಮದಿಂದ ಎತ್ತಿ ವರದಾ ಕಡೆಗೆ ತರುವುದು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಬೇಡ್ತಿಯ ಕೂಡ ಹರಿದು, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಆ ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಗೆ, ಸಿಹಿನೀರು ವ್ಯರ್ಥವಾಗಿ ಹೋಗುತ್ತಿಲ್ಲ. ಮಳೆಗಾಲದ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆಯುತ್ತದೆ, ಚಿಪ್ಪಿ, ಸಿಗಡಿ, ಮೀನಿನ ಮರಿಗಳು ಬೆಳೆಯುವ ಹದಕ್ಕೆ ಉಪ್ಪನ್ನು ಇಳಿಸುತ್ತದೆ. ಹೊಳೆಯ ಒತ್ತು ಕಡಿಮೆಯಾದಷ್ಟೂ ಉಬ್ಬರದ ಉಪ್ಪು ಒಳಗೆ ನುಗ್ಗಿ ಬಾವಿಗೆ ಇಳಿಯುತ್ತದೆ. ಕುಮಟಾದ ಗಜನಿಗಳಲ್ಲಿ (ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆಗಳಲ್ಲಿ) ಉಪ್ಪು ತಡೆಯುವ ಕಗ್ಗ ಭತ್ತಕ್ಕೂ ಮೊಳೆಯುವಾಗ ಸಿಹಿನೀರು ಬೇಕು.

ಆದ್ದರಿಂದ ಇಲ್ಲಿಂದ ನಾವು ಕೇಳಬೇಕಾದ್ದು ಇಷ್ಟು: ಯೋಜನಾ ವರದಿ ಪೂರ್ತಿ ಕನ್ನಡದಲ್ಲಿ ಬರಲಿ; ತಿಂಗಳುವಾರು ಅಳಿವೆಗೆ ಎಷ್ಟು ನೀರು ಬಿಡುತ್ತಾರೆ ಎಂದು ಅಂಕಿಯಲ್ಲಿ ಬರೆಯಲಿ; ಅಹವಾಲು ಸಭೆ ಹಾವೇರಿಯಷ್ಟೇ ಅಂಕೋಲಾದಲ್ಲೂ ನಡೆಯಲಿ; ಬರುವ ನೀರು ಕುಡಿಯಲೆಂದೋ ಕಾರ್ಖಾನೆಗೆಂದೋ ಮೊದಲೇ ಹೇಳಲಿ. ಕೆರೆಗಳ ಹೂಳು ತೆಗೆಯುವ ಕೆಲಸ ಅದಕ್ಕೆ ಕಾಯಬೇಕಾಗಿಲ್ಲ.

ವಕೀಲರಿಗೆ ರೊಕ್ಕ ಇಲ್ಲ.

ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ವಿಪತ್ತಿಗೆ ಸಿಕ್ಕವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100. ಕಾರ್ಮಿಕ ಇಲಾಖೆ ಸಹಾಯವಾಣಿ 155214, ಇ-ಶ್ರಮ್ 14434, ಸಮುದ್ರದಲ್ಲಿ ಅಪಾಯವಾದರೆ ತಟರಕ್ಷಣಾ ಪಡೆ 1554. ಹೋಗುವಾಗ ಆಧಾರ, ಜಾತಿ ಅಥವಾ ಆದಾಯ ಪ್ರಮಾಣಪತ್ರ, ನೋಟ್‌ಬುಕ್ಕಿನ ಪ್ರತಿ ಒಯ್ಯಿರಿ. ಮೂಲಪ್ರತಿ ಯಾರ ಕೈಗೂ ಕೊಡಬೇಡಿ.